ಯಾವುದರಿಂದ ಜಗತ್ತೋ ಅದು: ದೇವರ ಲಕ್ಷಣ ಮತ್ತು ಇಂಗ್ಲಿಷಿನ ಸಂಬಂಧವಾಕ್ಯ

ಒಂದು ವಸ್ತುವಿಗೆ ಲಕ್ಷಣ ಹೇಳಲು ತರ್ಕಶಾಸ್ತ್ರದಲ್ಲಿ ರೂಢಿಯಾದ ದಾರಿ ಒಂದಿದೆ: ಮೊದಲು ಅದನ್ನು ಒಂದು ಜಾತಿಗೆ ಸೇರಿಸುವುದು, ಆಮೇಲೆ ಆ ಜಾತಿಯ ಉಳಿದವುಗಳಿಂದ ಬೇರ್ಪಡಿಸುವುದು. ಮನುಷ್ಯನು ಪ್ರಾಣಿ, ಪ್ರಾಣಿಗಳಲ್ಲಿ ವಿವೇಕವುಳ್ಳವನು. ಪರತತ್ತ್ವದ ವಿಷಯಕ್ಕೆ ಬಂದರೆ ಈ ದಾರಿ ಮುಚ್ಚಿದೆ. ದೇವರನ್ನು ಒಂದು ಜಾತಿಯ ಹಲವರಲ್ಲಿ ಒಬ್ಬನೆಂದು ಹೇಳುವಂತಿಲ್ಲ. ಬೆರಳು ಮಾಡಿ ತೋರಿಸುವಂತೆಯೂ ಇಲ್ಲ. ಆದ್ದರಿಂದ ಧರ್ಮಶಾಸ್ತ್ರಿಗಳೂ ದಾರ್ಶನಿಕರೂ ಬೇರೊಂದು ವಾಕ್ಯರಚನೆಯನ್ನು ನೆಚ್ಚಿಕೊಂಡರು. ಯಾವುದರಿಂದ ಇದೆಲ್ಲ ಹುಟ್ಟಿತೋ ಅದು. ಯಾವುದರ ಸ್ವರೂಪದಲ್ಲೇ ಇರವು ಅಡಗಿದೆಯೋ ಅದು. ಯಾವುದಕ್ಕಿಂತ ಹಿರಿದನ್ನು ಯೋಚಿಸಲಾಗದೋ ಅದು. ಸಂಸ್ಕೃತದಲ್ಲೂ ಲ್ಯಾಟಿನ್ನಿನಲ್ಲೂ ಬೆಳೆದ ಈ ರಚನೆ ಅನುವಾದಗಳ ಮೂಲಕ ಇಂಗ್ಲಿಷಿಗೆ ಬಂದು, ಅಲ್ಲಿನ ಗಂಭೀರ ತತ್ತ್ವಗದ್ಯದ ಗುರುತೇ ಆಯಿತು. ಇಂಗ್ಲಿಷ್ ವ್ಯಾಕರಣದಲ್ಲಿ ಇದರ ಹೆಸರು ರಿಲೇಟಿವ್ ಕ್ಲಾಝ್. ಇಲ್ಲಿ ಸಂಬಂಧವಾಕ್ಯ ಎಂದು ಕರೆಯಲಾಗಿದೆ.

ಇಂಗ್ಲಿಷನ್ನು ಚೆನ್ನಾಗಿ ಬಲ್ಲ ಕನ್ನಡ ಓದುಗರಿಗೂ ಈ ವಾಕ್ಯಗಳು ತೊಡಕಾಗುತ್ತವೆ. ತೊಡಕಿಗೆ ಎರಡು ನೆಲೆಗಳಿವೆ. ಮೊದಲನೆಯದು ಉಪವಾಕ್ಯದ ಒಳಗಿನದು: ಹೇಳಹೊರಟ ವಸ್ತುವಿಗೆ ಅಲ್ಲಿ ಯಾವ ಕಾರಕದ ಸ್ಥಾನವಿದೆ? ಎರಡನೆಯದು ಹೊರಗಿನದು: ಉಪವಾಕ್ಯವು ವಸ್ತುವನ್ನು ಗುರುತಿಸಿ ಕೊಡುತ್ತಿದೆಯೋ, ಆಗಲೇ ಗುರುತಾದ ವಸ್ತುವನ್ನು ವಿವರಿಸುತ್ತಿದೆಯೋ? ದೇವರ ಲಕ್ಷಣವನ್ನು ಕುರಿತು ನಡೆದ ದೊಡ್ಡ ವಾದಗಳಲ್ಲಿ ಹಲವು ಈ ಎರಡು ಪ್ರಶ್ನೆಗಳ ಮೇಲೆಯೇ ನಿಂತಿವೆ.

ವಿಭಕ್ತಿಯ ಕೆಲಸ ಮಾಡುವ ಪ್ರಿಪೊಸಿಷನ್

ಬಾದರಾಯಣರ ಬ್ರಹ್ಮಸೂತ್ರದ ಎರಡನೆಯ ಸೂತ್ರ ಬ್ರಹ್ಮಕ್ಕೆ ಕೊಡುವ ಲಕ್ಷಣ ಹೀಗಿದೆ: ಈ ಜಗತ್ತಿನ ಹುಟ್ಟು ಮೊದಲಾದವು ಯಾವುದರಿಂದಲೋ ಅದು. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಲ್ಲಿ ವರುಣನು ಮಗ ಭೃಗುವಿಗೆ ಹೇಳುವ ಮಾತು ಇದರ ಮೂಲ. ಸಂಸ್ಕೃತದಲ್ಲಿ 'ಯತಃ' ಎಂಬ ಒಂದೇ ಪದ ಪಂಚಮಿಯ ಅರ್ಥವನ್ನು ಹೊತ್ತು ನಿಲ್ಲುತ್ತದೆ. ಜಾರ್ಜ್ ಥೀಬೋ 1890ರಲ್ಲಿ ಶಾಂಕರಭಾಷ್ಯದೊಂದಿಗೆ ಈ ಸೂತ್ರಗಳನ್ನು ಇಂಗ್ಲಿಷಿಗೆ ತಂದಾಗ, ಆ ಒಂದು ಪದದ ಜಾಗದಲ್ಲಿ 'ಫ್ರಮ್ ವಿಚ್' ಎಂಬ ಜೋಡಿ ಬಂತು. ಸೂತ್ರದಲ್ಲಿ ಇಲ್ಲದ 'ಬ್ರಹ್ಮವೆಂದರೆ ಅದು' ಎಂಬ ಭಾಗವನ್ನು ಥೀಬೋ ಆವರಣದೊಳಗೆ ಸೇರಿಸಬೇಕಾಯಿತು.

ವಿಭಕ್ತಿಗಳನ್ನು ಬಹುಪಾಲು ಕಳೆದುಕೊಂಡ ಇಂಗ್ಲಿಷ್ ಈ ಕೆಲಸವನ್ನು ಪ್ರಿಪೊಸಿಷನ್‌ಗೆ ವಹಿಸಿದೆ. ಅದನ್ನು ವಾಕ್ಯದ ಕೊನೆಗೆ ಬಿಡಬಹುದು, ಇಲ್ಲವೇ 'ವಿಚ್' ಅಥವಾ 'ಹೂಮ್' ಪದದ ಮುಂದೆ ತರಬಹುದು. ಜಾನ್ ಡ್ರೈಡನ್ 1672ರಲ್ಲಿ ಬೆನ್ ಜಾನ್ಸನ್‌ನ ಬರಹದಲ್ಲಿ ಪ್ರಿಪೊಸಿಷನ್ ಕೊನೆಗೆ ಬಿದ್ದಿರುವುದನ್ನು ದೋಷವೆಂದು ಎತ್ತಿ ತೋರಿಸಿದನು. ರಾಬರ್ಟ್ ಲೌತ್ 1762ರ ವ್ಯಾಕರಣದಲ್ಲಿ ಇಷ್ಟು ಕಠಿಣವಾಗಲಿಲ್ಲ. ಕೊನೆಗೆ ಬಿಡುವುದು ಆಪ್ತ ಮಾತಿಗೆ ಒಪ್ಪುತ್ತದೆ, ಮುಂದೆ ತರುವುದು ಗಂಭೀರ ಶೈಲಿಗೆ ತಕ್ಕದ್ದು ಎಂಬುದು ಅವನ ನಿಲುವು. ಹೀಬ್ರೂ ಕಾವ್ಯದ ಪಂಡಿತನಾಗಿದ್ದ ಲೌತ್ ಮುಂದೆ ಲಂಡನ್ನಿನ ಬಿಷಪ್ ಆದವನು. ಇಂದಿಗೂ ಔಪಚಾರಿಕ ಇಂಗ್ಲಿಷಿನ ರೂಢಿ ಹೆಚ್ಚುಕಡಿಮೆ ಅವನು ಹೇಳಿದಂತೆಯೇ ಇದೆ. ಪ್ರಿಪೊಸಿಷನ್ ಮುಂದೆ ಬಂದಾಗ ಅದರ ಬೆನ್ನಿಗೆ 'ದಟ್' ಬರುವಂತಿಲ್ಲ, 'ವಿಚ್' ಅಥವಾ 'ಹೂಮ್' ಮಾತ್ರ ಬರಬೇಕು.

ಷಷ್ಠಿಯ ಕೆಲಸಕ್ಕೆ 'ಹೂಸ್' ಇದೆ. 1677ರಲ್ಲಿ ಪ್ರಕಟವಾದ ಸ್ಪಿನೋಜನ 'ಎಥಿಕ್ಸ್' ಒಂದರ ಹಿಂದೆ ಒಂದು ಲಕ್ಷಣವಾಕ್ಯಗಳಿಂದಲೇ ಮೊದಲಾಗುತ್ತದೆ. ತನಗೆ ತಾನೇ ಕಾರಣವಾದುದು ಎಂದರೆ ಯಾವುದರ ಸ್ವರೂಪವು ಇರವನ್ನು ಒಳಗೊಂಡಿದೆಯೋ ಅದು, ಎಂಬುದು ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ. ಇಂಗ್ಲಿಷ್ ಅನುವಾದದಲ್ಲಿ ಇಂಥ ಕಡೆ 'ಹೂಸ್' ಬಂದರೆ, ಅದು ವ್ಯಕ್ತಿಗಳಿಗೆ ಮಾತ್ರ ಸಲ್ಲುವ ಪದವೆಂದು ಕಲಿತವರು ಗೊಂದಲಗೊಳ್ಳುತ್ತಾರೆ. ಔಪಚಾರಿಕ ಗದ್ಯದಲ್ಲಿ ಅದು ಅಚೇತನ ವಸ್ತುವಿಗೂ ಸಲ್ಲುತ್ತದೆ.

ಕನ್ನಡ ಓದುಗರ ತೊಡಕಿಗೆ ಇನ್ನೊಂದು ಕಾರಣ ಕನ್ನಡದ ಸಹಜ ರಚನೆಯಲ್ಲೇ ಇದೆ. ಕನ್ನಡವು ಸಂಬಂಧವಾಕ್ಯದ ಕೆಲಸವನ್ನು ಹೆಚ್ಚಾಗಿ ಕೃದಂತದಿಂದ ಮಾಡಿಸುತ್ತದೆ: ಬಂದ ಹುಡುಗ, ಓದಿದ ಪುಸ್ತಕ, ಬರೆದ ಪೆನ್ನು. ಇಲ್ಲಿ ಹುಡುಗ ಕರ್ತೃ, ಪುಸ್ತಕ ಕರ್ಮ, ಪೆನ್ನು ಕರಣ. ಆದರೆ ಕೃದಂತದ ರೂಪದಲ್ಲಿ ಈ ವ್ಯತ್ಯಾಸದ ಸುಳಿವಿಲ್ಲ. 'ನಾನು ಬಂದ ಊರು' ಎಂದರೆ ಬಿಟ್ಟು ಬಂದ ಊರೂ ಆಗಬಹುದು, ಬಂದು ಸೇರಿದ ಊರೂ ಆಗಬಹುದು. ದಿನಬಳಕೆಯಲ್ಲಿ ಸಂದರ್ಭವೇ ಇದನ್ನು ಬಿಡಿಸಿಕೊಡುತ್ತದೆ. ಬ್ರಹ್ಮದ ಲಕ್ಷಣದಲ್ಲಿ ಹಾಗಾಗದು: ಜಗತ್ತು ಬ್ರಹ್ಮದಿಂದ ಹುಟ್ಟಿತೋ, ಬ್ರಹ್ಮದಲ್ಲಿ ಹುಟ್ಟಿತೋ ಎಂಬುದು ಸಿದ್ಧಾಂತವನ್ನೇ ಬದಲಿಸುವ ಪ್ರಶ್ನೆ. ಶಾಸ್ತ್ರಗದ್ಯದಲ್ಲಿ ಕನ್ನಡವೂ 'ಯಾವುದರಿಂದ... ಅದು' ಎಂಬ ರಚನೆಗೆ ತಿರುಗುವುದು ಇದರಿಂದಾಗಿ.

ಕೊನೆಯ ಮೆಟ್ಟಿಲಿನ ಸೂತ್ರ

ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ 1977ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ಭಾಷಾವಿಜ್ಞಾನದಲ್ಲಿ ಹೆಸರಾಗಿದೆ. ಸಂಬಂಧವಾಕ್ಯದಲ್ಲಿ ನಾಮಪದಕ್ಕೆ ಸಿಗಬಹುದಾದ ಸ್ಥಾನಗಳನ್ನು ಅವರು ಆರು ಮೆಟ್ಟಿಲುಗಳಾಗಿ ಜೋಡಿಸಿದರು: ಕರ್ತೃ, ಕರ್ಮ, ಪರೋಕ್ಷ ಕರ್ಮ, ಉಳಿದ ಕಾರಕಗಳು, ಷಷ್ಠಿಯ ಸ್ಥಾನ, ಕೊನೆಗೆ ಹೋಲಿಕೆಯ ವಸ್ತು. ಕೆಳಗಿಳಿದಷ್ಟೂ ರಚನೆ ಕಷ್ಟವಾಗುತ್ತದೆ, ಅದಕ್ಕೆ ಅವಕಾಶ ಕೊಡುವ ಭಾಷೆಗಳೂ ಕಡಿಮೆಯಾಗುತ್ತವೆ ಎಂಬುದು ಅವರ ಮಂಡನೆ.

ಪಾಶ್ಚಾತ್ಯ ಧರ್ಮಶಾಸ್ತ್ರದಲ್ಲಿ ಅತಿ ಹೆಚ್ಚು ಚರ್ಚೆಗೆ ಒಳಗಾದ ಲಕ್ಷಣವಾಕ್ಯ ಈ ಕೊನೆಯ ಮೆಟ್ಟಿಲಿನ ಮೇಲೆಯೇ ಇದೆ. ಕ್ಯಾಂಟರ್ಬರಿಯ ಆನ್ಸೆಲ್ಮ್ (1033–1109) 1077–78ರ ಸುಮಾರಿಗೆ ಬರೆದ 'ಪ್ರೊಸ್ಲೋಗಿಯನ್' ಎಂಬ ಲ್ಯಾಟಿನ್ ಕೃತಿಯಲ್ಲಿ, ಯಾವುದಕ್ಕಿಂತ ಹಿರಿದನ್ನು ಯೋಚಿಸಲಾಗದೋ ಅಂಥದ್ದು ದೇವರು ಎಂದನು. ಲ್ಯಾಟಿನ್ನಿನಲ್ಲಿ 'ಕ್ವೊ' ಎಂಬ ವಿಭಕ್ತಿರೂಪವೊಂದೇ 'ಯಾವುದಕ್ಕಿಂತ' ಎಂಬ ಅರ್ಥವನ್ನು ಹೊರುತ್ತದೆ. ಇಂಗ್ಲಿಷಿನಲ್ಲಿ ಅದು 'ದ್ಯಾನ್ ವಿಚ್' ಆಗುತ್ತದೆ. ಇದು ಆಡುಮಾತಿನಲ್ಲಿ ಯಾರ ಬಾಯಲ್ಲೂ ಬಾರದ, ಗ್ರಂಥಗಳಲ್ಲಿ ಮಾತ್ರ ಉಳಿದ ರೂಪ. ಮಿಲ್ಟನ್ 1667ರ ಮಹಾಕಾವ್ಯದಲ್ಲಿ ಸೈತಾನನ ಸಂಗಡಿಗ ಬೀಲ್ಜೆಬಬ್‌ನ ಹಿರಿಮೆ ಹೇಳಲು ಇದೇ ಜಾತಿಯ 'ದ್ಯಾನ್ ಹೂಮ್' ಬಳಸಿದನು. ಅದು ವ್ಯಾಕರಣಬದ್ಧವೋ ಅಲ್ಲವೋ ಎಂದು ವೈಯಾಕರಣರು ಮುಂದೆ ಬಹಳ ಕಾಲ ವಾದಿಸಿದರು. ಕನ್ನಡದ ಕೃದಂತಕ್ಕೆ ಈ ಮೆಟ್ಟಿಲು ಎಟುಕುವುದಿಲ್ಲ. 'ಹಿರಿದನ್ನು ಯೋಚಿಸಲಾಗದ ವಸ್ತು' ಎಂದರೆ ಯೋಚನೆಯ ಶಕ್ತಿ ಸಾಲದ ವಸ್ತು ಎಂದಾಗಿಬಿಡುತ್ತದೆ.

ಈ ರಚನೆಯನ್ನು ಸರಳಗೊಳಿಸಲು ಹೋದರೆ ಅರ್ಥ ಕೆಡುತ್ತದೆ ಎಂಬುದಕ್ಕೆ ಆನ್ಸೆಲ್ಮನ ಕಾಲದಲ್ಲೇ ಸಾಕ್ಷಿ ಇದೆ. ಮಾರ್ಮೂಟಿಯೆ ಮಠದ ಸನ್ಯಾಸಿ ಗೌನಿಲೊ, ದೇವರಿಲ್ಲ ಎನ್ನುವ ಮೂಢನ ಪರವಾಗಿ ಎಂಬಂತೆ ಉತ್ತರ ಬರೆದನು. ಎಲ್ಲ ನಾಡುಗಳಿಗಿಂತಲೂ ಶ್ರೇಷ್ಠವಾದ ಒಂದು ದ್ವೀಪವನ್ನು ಕಲ್ಪಿಸಿಕೊಂಡ ಮಾತ್ರಕ್ಕೆ ಅದು ಎಲ್ಲೋ ಇದೆಯೆಂದು ಒಪ್ಪಬೇಕೇ ಎಂಬುದು ಅವನ ಆಕ್ಷೇಪ. ಆನ್ಸೆಲ್ಮನ ಪ್ರತ್ಯುತ್ತರದ ಒಂದು ಭಾಗ ವ್ಯಾಕರಣಕ್ಕೆ ಸಂಬಂಧಿಸಿದ್ದು. 'ಎಲ್ಲಕ್ಕಿಂತ ಹಿರಿದಾದುದು' ಎಂಬುದು ತನ್ನ ಮಾತಲ್ಲ. ಅದಕ್ಕೂ 'ಯಾವುದಕ್ಕಿಂತ ಹಿರಿದನ್ನು ಯೋಚಿಸಲಾಗದೋ ಅದು' ಎಂಬುದಕ್ಕೂ ಅಂತರವಿದೆ ಎಂದು ಅವನು ಎತ್ತಿ ಹೇಳಿದನು. ಮೊದಲನೆಯದರಲ್ಲಿ ದೇವರು ಕರ್ತೃವಿನ ಸ್ಥಾನದಲ್ಲಿದ್ದಾನೆ. ಇರುವ ವಸ್ತುಗಳೊಂದಿಗೆ ಹೋಲಿಸಿ ಅವನನ್ನು ಮೇಲೆ ಇಡಲಾಗಿದೆ. ಎರಡನೆಯದರಲ್ಲಿ ಅವನು ಹೋಲಿಕೆಯ ಅಳತೆಗೋಲಿನ ಸ್ಥಾನದಲ್ಲಿದ್ದಾನೆ. ಹೋಲಿಕೆ ನಡೆಯುವುದು ಯೋಚಿಸಬಹುದಾದ ಎಲ್ಲದರೊಂದಿಗೆ. ಇರುವವುಗಳಲ್ಲಿ ಹಿರಿದು ಇಲ್ಲದೆಯೂ ಇರಬಹುದಿತ್ತು ಎಂದು ಯೋಚಿಸಲು ಅಡ್ಡಿಯಿಲ್ಲ. ಆನ್ಸೆಲ್ಮನ ಸೂತ್ರ ಆ ಯೋಚನೆಗೇ ತಡೆ ಹಾಕಲು ಹೊರಟಿದೆ. ವಾದ ಒಪ್ಪತಕ್ಕದ್ದೇ ಎಂಬುದು ಬೇರೆ ಮಾತು. ಆದರೆ ಕರ್ತೃವಿನ ಮೆಟ್ಟಿಲಿಗೆ ಏರಿಸಿದ ಸೂತ್ರವನ್ನು ಖಂಡಿಸಿದರೆ ಆನ್ಸೆಲ್ಮನನ್ನು ಖಂಡಿಸಿದಂತಾಗುವುದಿಲ್ಲ.

ಗುರುತಿಸುವುದು ಮತ್ತು ವಿವರಿಸುವುದು

ಇನ್ನು ಹೊರಗಿನ ಪ್ರಶ್ನೆ. ಫ್ರಾನ್ಸಿನ ಪೋರ್ಟ್-ರಾಯಲ್ ಮಠದ ಬಳಗಕ್ಕೆ ಸೇರಿದ ಆಂಟ್ವಾನ್ ಆರ್ನೋ ಧರ್ಮಶಾಸ್ತ್ರಿಯೂ ತರ್ಕಶಾಸ್ತ್ರಿಯೂ ಆಗಿದ್ದನು. ಕ್ಲೋಡ್ ಲಾನ್ಸೆಲೊ ಜೊತೆ 1660ರಲ್ಲಿ ಹೊರತಂದ ವ್ಯಾಕರಣದಲ್ಲಿ ಅವನು ವಿಶ್ಲೇಷಿಸಿದ ಒಂದು ಉದಾಹರಣೆ ಪ್ರಸಿದ್ಧವಾಗಿದೆ: ಅದೃಶ್ಯನಾದ ದೇವರು ದೃಶ್ಯವಾದ ಜಗತ್ತನ್ನು ಸೃಷ್ಟಿಸಿದನು ಎಂಬ ವಾಕ್ಯ. ಇದು ಒಂದೇ ವಾಕ್ಯವಾದರೂ ಇದರಲ್ಲಿ ಮೂರು ತೀರ್ಪುಗಳು ಅಡಗಿವೆ: ದೇವರು ಅದೃಶ್ಯ, ಅವನು ಜಗತ್ತನ್ನು ಸೃಷ್ಟಿಸಿದನು, ಜಗತ್ತು ದೃಶ್ಯ. ಮೊದಲನೆಯದೂ ಕೊನೆಯದೂ ಸಂಬಂಧವಾಕ್ಯಗಳಾಗಿ ಮುಖ್ಯವಾಕ್ಯದಲ್ಲಿ ಸೇರಿಕೊಂಡಿವೆ. ಪಿಯರ್ ನಿಕೋಲ್ ಜೊತೆ ಬರೆದ 1662ರ ತರ್ಕಗ್ರಂಥದಲ್ಲಿ ಆರ್ನೋ ಸಂಬಂಧವಾಕ್ಯಗಳನ್ನು ಎರಡಾಗಿ ವಿಂಗಡಿಸಿದನು. ನಾಮಪದದ ವ್ಯಾಪ್ತಿಯನ್ನು ಕಿರಿದುಗೊಳಿಸಿ ಯಾರು, ಯಾವುದು ಎಂದು ನಿರ್ಧರಿಸುವಂಥವು ಒಂದು ಬಗೆ. ವ್ಯಾಪ್ತಿಯನ್ನು ಮುಟ್ಟದೆ ವಿವರವನ್ನಷ್ಟೇ ಸೇರಿಸುವಂಥವು ಇನ್ನೊಂದು ಬಗೆ.

ಇಂಗ್ಲಿಷ್ ಬರಹದಲ್ಲಿ ಈ ಅಂತರವನ್ನು ತೋರುವುದು ಅಲ್ಪವಿರಾಮ. ವಿವರಿಸುವ ವಾಕ್ಯದ ಎರಡೂ ಬದಿಗೆ ಅದು ಬರುತ್ತದೆ, ಗುರುತಿಸುವ ವಾಕ್ಯಕ್ಕೆ ಬರುವುದಿಲ್ಲ. ಗುರುತಿಸುವಲ್ಲಿ 'ದಟ್', ವಿವರಿಸುವಲ್ಲಿ 'ವಿಚ್' ಎಂದು ಹಂಚಿಕೊಂಡರೆ ಅನುಕೂಲ ಎಂದು ಎಚ್. ಡಬ್ಲ್ಯು. ಫೌಲರ್ 1926ರ ತನ್ನ ಬಳಕೆಯ ಕೋಶದಲ್ಲಿ ಸೂಚಿಸಿದನು. ಅದು ಎಲ್ಲರ ರೂಢಿಯಲ್ಲ ಎಂಬುದನ್ನೂ ಅವನೇ ಒಪ್ಪಿದ್ದನು. ಬ್ರಿಟಿಷ್ ಔಪಚಾರಿಕ ಗದ್ಯದಲ್ಲಿ ಎರಡು ಕಡೆಗೂ 'ವಿಚ್' ಬರುತ್ತದೆ. ಪದವನ್ನು ನೋಡುವುದಕ್ಕಿಂತ ಅಲ್ಪವಿರಾಮವನ್ನು ನೋಡುವುದೇ ಸುರಕ್ಷಿತ.

'ಆಸೆ ತೊರೆದ ಸನ್ಯಾಸಿಗಳು ಮುಕ್ತರು' ಎಂಬ ಕನ್ನಡ ವಾಕ್ಯದಲ್ಲಿ ಈ ಅಂತರ ಕಾಣುವುದಿಲ್ಲ. ಸನ್ಯಾಸಿಗಳೆಲ್ಲ ಆಸೆ ತೊರೆದವರೆಂದೂ ಎಲ್ಲರೂ ಮುಕ್ತರೆಂದೂ ಇದನ್ನು ಓದಬಹುದು. ಸನ್ಯಾಸಿಗಳಲ್ಲಿ ಆಸೆ ತೊರೆದವರು ಮಾತ್ರ ಮುಕ್ತರೆಂದೂ ಓದಬಹುದು. ಮೊದಲನೆಯದು ಕಾವಿಗೆ ಕೊಟ್ಟ ಗೌರವ, ಎರಡನೆಯದು ಕಾವಿಗೆ ಒಡ್ಡಿದ ಪರೀಕ್ಷೆ. ಇಂಗ್ಲಿಷಿನಲ್ಲಿ ಬರೆಯುವವರು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು, ಏಕೆಂದರೆ ಅಲ್ಪವಿರಾಮ ಹಾಕದಿರುವುದೂ ಅಲ್ಲಿ ಒಂದು ಹೇಳಿಕೆಯೇ.

ವಿವರಿಸುವ ವಾಕ್ಯ ಎಂದರೆ ಮುಖ್ಯವಲ್ಲದ ಮಾತು ಎಂದು ಭಾವಿಸಬಾರದು. ಕ್ರೈಸ್ತ ವಿಶ್ವಾಸಪ್ರಮಾಣದ ಇತಿಹಾಸ ಇದಕ್ಕೆ ಉದಾಹರಣೆ. 381ರ ಕಾನ್‌ಸ್ಟಾಂಟಿನೋಪಲ್ ಸಭೆಯೊಂದಿಗೆ ಸಂಬಂಧಿಸಿದ ಪಾಠವು ಪವಿತ್ರಾತ್ಮ ತಂದೆಯಿಂದ ಹೊರಡುತ್ತಾನೆ ಎನ್ನುತ್ತದೆ. ಗ್ರೀಕ್ ಮೂಲದಲ್ಲಿ ಅದು ಕೃದಂತ; ಲ್ಯಾಟಿನ್ನಿನಲ್ಲಿ ಅದು 'ಯಾರು' ಎಂದು ತೊಡಗುವ ಸಂಬಂಧವಾಕ್ಯವಾಯಿತು. ಪಶ್ಚಿಮದ ಚರ್ಚು ಅದರೊಳಗೆ 'ಮತ್ತು ಮಗನಿಂದ' ಎಂಬ ಅರ್ಥದ 'ಫಿಲಿಯೋಕ್ವೆ' ಪದವನ್ನು ಸೇರಿಸಿತು. ಸ್ಪೇನಿನ ಟೊಲೆಡೊದಲ್ಲಿ 589ರಲ್ಲಿ ನಡೆದ ಸಭೆ ಈ ಬೋಧನೆಯನ್ನು ಎತ್ತಿಹಿಡಿಯಿತು. 1014ರಲ್ಲಿ ರೋಮಿನ ಆರಾಧನೆಯಲ್ಲೂ ಸೇರ್ಪಡೆಯ ಪಾಠವೇ ಬಂತು. 1054ರಲ್ಲಿ ಪೂರ್ವ ಪಶ್ಚಿಮದ ಚರ್ಚುಗಳು ಬೇರೆಯಾಗಲು ಇದ್ದ ಕಾರಣಗಳಲ್ಲಿ ಈ ವಿವಾದವೂ ಒಂದು. ಆ ಉಪವಾಕ್ಯ ಗುರುತಿಸುವ ಬಗೆಯದ್ದಾಗಿದ್ದರೆ, ಎರಡು ಚರ್ಚುಗಳು ಎರಡು ಬೇರೆ ಆತ್ಮಗಳ ಬಗ್ಗೆ ಮಾತಾಡುತ್ತಿವೆ ಎಂದಾಗುತ್ತಿತ್ತು, ವಾದಕ್ಕೆ ಸಮಾನ ನೆಲೆಯೇ ಇರುತ್ತಿರಲಿಲ್ಲ. ವಿಷಯ ಒಂದೇ ಎಂದು ಇಬ್ಬರೂ ಒಪ್ಪಿ, ಅದರ ಬಗ್ಗೆ ಏನು ಹೇಳಬೇಕು ಎಂಬಲ್ಲಿ ಬೇರೆಯಾದದ್ದರಿಂದಲೇ ಇದು ವಿವಾದವಾಯಿತು.

ತಟಸ್ಥಲಕ್ಷಣ, ಸ್ವರೂಪಲಕ್ಷಣ

ವೇದಾಂತದಲ್ಲಿ ಗುರುತಿಸುವ, ವಿವರಿಸುವ ಈ ಅಂತರಕ್ಕೆ ಹತ್ತಿರವಾದ, ಆದರೆ ಇನ್ನೂ ಒಂದು ಹೆಜ್ಜೆ ಮುಂದಿಡುವ ವಿಂಗಡಣೆ ಇದೆ. ದೇವದತ್ತನ ಮನೆ ಯಾವುದು ಎಂದು ಕೇಳಿದವರಿಗೆ ಕಾಗೆ ಕೂತಿರುವ ಮನೆ ಎಂದು ತೋರಿಸುವುದು ಶಾಸ್ತ್ರಗ್ರಂಥಗಳ ಹಳೆಯ ದೃಷ್ಟಾಂತ. ಕಾಗೆ ಮನೆಯ ಭಾಗವಲ್ಲ. ಹಾರಿಹೋದರೂ ಗುರುತು ಸಿಕ್ಕ ಮನೆ ಸಿಕ್ಕಂತೆಯೇ. ಹೀಗೆ ವಸ್ತುವಿಗೆ ಸೇರದೆ ಅದನ್ನು ಗುರುತಿಸಿ ಕೊಡುವುದು ತಟಸ್ಥಲಕ್ಷಣ. ಅದ್ವೈತದಲ್ಲಿ ಜಗತ್ಕಾರಣವೆಂಬ ಲಕ್ಷಣವೂ ಇಂಥದ್ದೇ. ಸೃಷ್ಟಿ ಪಾರಮಾರ್ಥಿಕ ಸತ್ಯವಲ್ಲವಾದ್ದರಿಂದ ಅದು ಬ್ರಹ್ಮದ ಸ್ವರೂಪಕ್ಕೆ ಸೇರದು, ಬ್ರಹ್ಮದ ಕಡೆಗೆ ಬುದ್ಧಿಯನ್ನು ತಿರುಗಿಸುತ್ತದೆ ಅಷ್ಟೆ. ಸತ್ಯ, ಜ್ಞಾನ, ಅನಂತ ಎಂಬ ತೈತ್ತಿರೀಯದ ಪದಗಳು ಸ್ವರೂಪಲಕ್ಷಣ. ಇವುಗಳಲ್ಲಿ 'ಯಾವುದು' ಎಂಬ ಸಂಬಂಧಪದವೇ ಇಲ್ಲ. ಪದಗಳು ಬ್ರಹ್ಮದ ಪಕ್ಕದಲ್ಲಿ ಸಮಾನಾಧಿಕರಣವಾಗಿ ನಿಲ್ಲುತ್ತವೆ.

ಇಂಗ್ಲಿಷಿನ ಗುರುತಿಸುವ ವಾಕ್ಯಕ್ಕೂ ತಟಸ್ಥಲಕ್ಷಣಕ್ಕೂ ಪೂರ್ತಿ ಹೊಂದಿಕೆ ಇಲ್ಲ. ಗುರುತಿಸುವ ವಾಕ್ಯ ಹೇಳುವ ಗುಣ ವಸ್ತುವಿನ ಸ್ವರೂಪವೋ ಅಲ್ಲವೋ ಎಂಬ ಬಗ್ಗೆ ಇಂಗ್ಲಿಷ್ ವ್ಯಾಕರಣ ಮೌನವಾಗಿದೆ. ಆ ತೀರ್ಮಾನ ಸಿದ್ಧಾಂತದ್ದು. ಅದಕ್ಕಾಗಿಯೇ ಬ್ರಹ್ಮಸೂತ್ರದ ಆ ಒಂದೇ ಲಕ್ಷಣಸೂತ್ರವನ್ನು ಮೂವರು ಆಚಾರ್ಯರು ಮೂರು ಬಗೆಯಾಗಿ ಹಿಡಿದರು. ಶೃಂಗೇರಿಯ ಪರಂಪರೆಗೆ ಮೂಲಪುರುಷರಾದ ಶಂಕರರ ಮತದಲ್ಲಿ ಜಗತ್ಕಾರಣತ್ವ ತಟಸ್ಥ. ಮೇಲುಕೋಟೆಯ ನಂಟಿನ ರಾಮಾನುಜರಿಗೆ ಅದು ಸಕಲಗುಣಗಳುಳ್ಳ ಬ್ರಹ್ಮದ ನಿಜವಾದ ವಿಶೇಷಣ. ಉಡುಪಿಯ ಮಧ್ವರು 'ಮೊದಲಾದವು' ಎಂಬ ಮಾತಿನಲ್ಲಿ ಸೃಷ್ಟಿ, ಸ್ಥಿತಿ, ಸಂಹಾರಗಳ ಜೊತೆಗೆ ನಿಯಮನ, ಜ್ಞಾನ, ಅಜ್ಞಾನ, ಬಂಧ, ಮೋಕ್ಷಗಳನ್ನೂ ಸೇರಿಸಿ ಎಂಟು ಎಣಿಸಿದರು. ಇವೆಲ್ಲಕ್ಕೂ ಕಾರಣನು ಗುಣಪೂರ್ಣನಾದ ವಿಷ್ಣು ಎಂದರು.

ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದಲ್ಲಿ ರಾಮಾನುಜರು ಎತ್ತಿಕೊಳ್ಳುವ ಒಂದು ಆಕ್ಷೇಪ ವಾಕ್ಯರಚನೆಯ ದೃಷ್ಟಿಯಿಂದಲೂ ಮುಖ್ಯ. ಲಕ್ಷಣಗಳು ಹಲವಾದರೆ ಲಕ್ಷ್ಯವೂ ಹಲವಾಗುವುದಿಲ್ಲವೇ? ಕೊಂಬು ಮುರಿದ, ಕೊಂಬಿಲ್ಲದ, ಪೂರ್ಣ ಕೊಂಬಿನ ಹಸು ಎಂದರೆ ಮೂರು ಹಸುಗಳೇ ಆಗಬೇಕು. ಉತ್ತರ: ಒಂದಕ್ಕೊಂದು ವಿರುದ್ಧವಾದ ಗುಣಗಳಾದರೆ ಮಾತ್ರ ಹಾಗೆ. ಕಪ್ಪು ಮೈಯ, ಹರೆಯದ, ಕೆಂಗಣ್ಣಿನ ದೇವದತ್ತ ಎಂದರೆ ಒಬ್ಬನೇ. ಇಂಗ್ಲಿಷಿನಲ್ಲಿ ಬರೆಯುವವರೂ ಇದೇ ಎಚ್ಚರ ವಹಿಸಬೇಕು. ಯಾವುದರಿಂದ ಹುಟ್ಟಿ ಯಾವುದರಲ್ಲಿ ಲಯವಾಗುತ್ತದೋ ಅದು ಎನ್ನಲು 'ದಟ್ ಫ್ರಮ್ ವಿಚ್... ಆ್ಯಂಡ್ ಇಂಟು ವಿಚ್' ಎಂದು ಒಂದೇ 'ದಟ್' ಬಳಸಿದರೆ ವಸ್ತು ಒಂದು ಎಂಬುದು ಸ್ಪಷ್ಟ. ಎರಡನೆಯ 'ವಿಚ್'ಗೆ ಇನ್ನೊಂದು 'ದಟ್' ಕೊಟ್ಟರೆ ಹುಟ್ಟಿನ ಮೂಲ ಬೇರೆ, ಲಯದ ನೆಲೆ ಬೇರೆ ಎಂಬ ಅರ್ಥಕ್ಕೆ ಬಾಗಿಲು ತೆರೆದಂತೆ.

ವ್ಯಕ್ತಿಯೋ ತತ್ತ್ವವೋ

ಈಗಿನ ಇಂಗ್ಲಿಷಿನಲ್ಲಿ ವ್ಯಕ್ತಿಗೆ 'ಹೂ', ವಸ್ತುವಿಗೆ 'ವಿಚ್'. 17ನೆಯ ಶತಮಾನದಲ್ಲಿ ಈ ಗೆರೆ ಇಷ್ಟು ಬಿಗಿಯಾಗಿರಲಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿಯೂ 1662ರ ಆಂಗ್ಲಿಕನ್ ಪ್ರಾರ್ಥನಾಗ್ರಂಥದಲ್ಲಿಯೂ ಯೇಸು ಕಲಿಸಿದ ಪ್ರಾರ್ಥನೆ ತಂದೆಯಾದ ದೇವರಿಗೆ 'ವಿಚ್' ಬಳಸುತ್ತದೆ. 1789ರ ಅಮೆರಿಕನ್ ಪ್ರಾರ್ಥನಾಗ್ರಂಥ ಅದನ್ನು 'ಹೂ' ಎಂದು ತಿದ್ದಿತು. ಹಳೆಯ ಪಾಠದ 'ವಿಚ್' ದೇವರನ್ನು ಅಚೇತನವೆಂದು ಹೇಳುವುದಿಲ್ಲ. ಅದು ಆ ಕಾಲದ ಬಳಕೆ. ಕನ್ನಡ ಬೈಬಲ್ ಆ ಜಾಗದಲ್ಲಿ 'ಇರುವ' ಎಂಬ ಕೃದಂತ ಬಳಸುವುದರಿಂದ ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಇಂದಿನ ಬರಹದಲ್ಲಿ ಮಾತ್ರ ಆಯ್ಕೆಗೆ ತಾತ್ತ್ವಿಕ ಭಾರವಿದೆ. ಬ್ರಹ್ಮ ಶಬ್ದ ಸಂಸ್ಕೃತದಲ್ಲಿ ನಪುಂಸಕವಾದ್ದರಿಂದ ಅನುವಾದಕರು 'ದಟ್ ವಿಚ್' ಬಳಸುತ್ತಾರೆ, ಈಶ್ವರನಿಗೆ 'ಹೀ ಹೂ'. ಆದರೆ ರಾಮಾನುಜರಿಗೂ ಮಧ್ವರಿಗೂ ಬ್ರಹ್ಮವೇ ನಾರಾಯಣ. ಅವರ ಸಿದ್ಧಾಂತವನ್ನು ಇಂಗ್ಲಿಷಿನಲ್ಲಿ ಹೇಳುವಾಗ ಆದಿಯಿಂದ ಅಂತ್ಯದವರೆಗೆ 'ವಿಚ್' ಹಿಡಿದರೆ, ವ್ಯಾಕರಣದ ಮರೆಯಲ್ಲಿ ಅದ್ವೈತದ ಬ್ರಹ್ಮವೇ ನುಸುಳುತ್ತದೆ.

ಲಕ್ಷಣದಿಂದ ಇರವು ಸಿದ್ಧಿಸುವುದೇ

ಬರ್ಟ್ರಂಡ್ ರಸಲ್ 1905ರಲ್ಲಿ 'ಮೈಂಡ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ 'ದ' ಎಂಬ ಪುಟ್ಟ ಪದವನ್ನು ಬಿಡಿಸಿತು. ಇಂಥಿಂಥ ಗುಣವುಳ್ಳ 'ಆ' ವಸ್ತು ಎಂದಾಗ ಎರಡು ಹೇಳಿಕೆಗಳು ಒಳಗೇ ಸೇರಿರುತ್ತವೆ: ಅಂಥದ್ದು ಒಂದಾದರೂ ಇದೆ, ಒಂದಕ್ಕಿಂತ ಹೆಚ್ಚಿಲ್ಲ. ಇವು ಲಕ್ಷಣದಿಂದ ಬರುವುದಿಲ್ಲ, ಬೇರೆಯಾಗಿ ಸಾಧಿಸಬೇಕು. ಆನ್ಸೆಲ್ಮನ ಲ್ಯಾಟಿನ್ 'ಅಂಥ ಏನೋ ಒಂದು' ಎಂದು ತೊಡಗಿ, ಬೇಗನೆ 'ಅದು' ಎಂಬುದಕ್ಕೆ ದಾಟುತ್ತದೆ. 'ಸಮ್‌ಥಿಂಗ್' ಎಲ್ಲಿ 'ದಟ್' ಆಯಿತು ಎಂದು ಗಮನಿಸುವುದು ಈ ವಾದವನ್ನು ಓದುವವರ ಮೊದಲ ಕೆಲಸ. ಇಮ್ಯಾನುಯೆಲ್ ಕಾಂಟ್ 1781ರ ಗ್ರಂಥದಲ್ಲಿ ಇನ್ನೊಂದು ಕಡೆಯಿಂದ ಇದೇ ಜಾಗವನ್ನು ಒತ್ತಿದನು: ಇರವು ವಸ್ತುವಿನ ಕಲ್ಪನೆಗೆ ಹೊಸದೇನನ್ನೂ ಕೂಡಿಸುವ ಗುಣವಲ್ಲ.

ಶಂಕರರು ಬ್ರಹ್ಮಸೂತ್ರದ ಲಕ್ಷಣವಾಕ್ಯಕ್ಕೆ ಬರೆದ ಭಾಷ್ಯದಲ್ಲಿ ಈ ಅಪಾಯದ ಅರಿವಿದೆ. ಜಗತ್ತೆಂಬ ಕಾರ್ಯದಿಂದ ಈಶ್ವರನನ್ನು ಅನುಮಾನಿಸುವವರು ಈ ಸೂತ್ರವನ್ನೂ ಅನುಮಾನವೆಂದೇ ಹಿಡಿಯುತ್ತಾರೆ. ಶಂಕರರು ಒಪ್ಪುವುದಿಲ್ಲ: ಸೂತ್ರಗಳ ಕೆಲಸ ಉಪನಿಷದ್ವಾಕ್ಯಗಳನ್ನು ಹೂವಿನಂತೆ ಪೋಣಿಸುವುದು, ಬ್ರಹ್ಮಜ್ಞಾನ ಬರುವುದು ಆ ವಾಕ್ಯಗಳ ವಿಚಾರದಿಂದ. ಅನುಮಾನವು ಶ್ರುತಿಗೆ ವಿರುದ್ಧವಾಗದಿದ್ದರೆ ಅದಕ್ಕೆ ನೆರವಾಗಬಹುದು. ಲಕ್ಷಣ ಹೇಳುವುದೂ ಇರವನ್ನು ಸಾಧಿಸುವುದೂ ಇಲ್ಲಿ ಎರಡು ಕೆಲಸಗಳಾಗಿಯೇ ಉಳಿಯುತ್ತವೆ.

ನಿಷೇಧದ ವಾಕ್ಯಗಳು

ಕೊನೆಯದಾಗಿ, ಲಕ್ಷಣವನ್ನೇ ನಿರಾಕರಿಸುವ ಲಕ್ಷಣಗಳು. ಕೇನೋಪನಿಷತ್ತು ಬ್ರಹ್ಮವನ್ನು ಜೋಡಿ ಉಪವಾಕ್ಯಗಳಲ್ಲಿ ಸೂಚಿಸುತ್ತದೆ: ಮಾತಿನಿಂದ ಯಾವುದು ವ್ಯಕ್ತವಾಗದೋ, ಯಾವುದರಿಂದ ಮಾತೇ ವ್ಯಕ್ತವಾಗುತ್ತದೋ ಎಂಬ ಕ್ರಮದಲ್ಲಿ, ಆಮೇಲೆ ಮನಸ್ಸು, ಕಣ್ಣು, ಕಿವಿ, ಪ್ರಾಣಗಳಿಗೂ ಇದೇ ಕ್ರಮ. ಇಂಗ್ಲಿಷಿನಲ್ಲಿ ಮೊದಲ ಉಪವಾಕ್ಯದ 'ವಿಚ್' ಕರ್ತೃಸ್ಥಾನದಲ್ಲಿದ್ದು 'ಬೈ' ಮಾತಿಗೆ ಅಂಟಿರುತ್ತದೆ. ಎರಡನೆಯದರಲ್ಲಿ 'ಬೈ' ಬಂದು 'ವಿಚ್'ಗೆ ಅಂಟುತ್ತದೆ. ಅರಿವಿನ ವಿಷಯವಾಗದ್ದು ಅರಿವಿಗೆ ಸಾಧನವಾಗಿದೆ ಎಂಬ ಇಡೀ ಬೋಧನೆ ಈ ಸ್ಥಾನಪಲ್ಲಟದಲ್ಲಿದೆ. ಆನ್ಸೆಲ್ಮನೂ ತನ್ನ ಕೃತಿಯ 15ನೆಯ ಅಧ್ಯಾಯದಲ್ಲಿ, ದೇವರು ಯೋಚನೆಗೆ ನಿಲುಕುವುದಕ್ಕಿಂತಲೂ ಹಿರಿಯನು ಎನ್ನುತ್ತಾನೆ. ಮೊದಲ ಸೂತ್ರದಲ್ಲಿ ದೇವರು ಯೋಚನೆಯ ಮೇರೆ, ಇಲ್ಲಿ ಆ ಮೇರೆಯಾಚೆಗಿನವನು.

ಇಂಥ ಗದ್ಯವನ್ನು ಓದುವಾಗ ಅನುಸರಿಸಬೇಕಾದ ಕ್ರಮ ಇದರಿಂದ ತಿಳಿಯುತ್ತದೆ. ಮೊದಲು ತಲೆಪದವನ್ನು ಹಿಡಿದು, ಅದು 'ದಟ್'ನಂತೆ ನಿಶ್ಚಿತವೋ 'ಸಮ್‌ಥಿಂಗ್'ನಂತೆ ಅನಿಶ್ಚಿತವೋ ನೋಡಬೇಕು. ಎರಡನೆಯದಾಗಿ ಉಪವಾಕ್ಯದೊಳಗೆ ಖಾಲಿ ಉಳಿದ ಸ್ಥಾನವನ್ನು ಹುಡುಕಿ, ಪ್ರಿಪೊಸಿಷನ್ನಿನ ನೆರವಿನಿಂದ ಕಾರಕವನ್ನು ನಿರ್ಧರಿಸಬೇಕು. ಆಮೇಲೆ ಅಲ್ಪವಿರಾಮ ಇದೆಯೇ ಎಂದು ನೋಡಿ, ಗುರುತಿಸುವುದೋ ವಿವರಿಸುವುದೋ ಎಂದು ತಿಳಿಯಬೇಕು. 'ಹೂ' ಅಥವಾ 'ವಿಚ್' ಎಂಬ ಆಯ್ಕೆಯನ್ನು ಬರೆದ ಕಾಲದ ರೂಢಿಯೊಂದಿಗೆ ತೂಗಬೇಕು. ಹೇಳಿದ ಗುಣ ವಸ್ತುವಿನ ಸ್ವರೂಪವೋ ಬರಿಯ ಸೂಚಕವೋ, ಅಂಥ ವಸ್ತು ಇದೆಯೋ ಇಲ್ಲವೋ ಎಂಬ ಪ್ರಶ್ನೆಗಳನ್ನು ವ್ಯಾಕರಣ ಬಗೆಹರಿಸದು. ಅಲ್ಲಿಂದ ಮುಂದಿನದು ದರ್ಶನದ ವಿಚಾರ.